ಭಾಲ್ಕಿಯಲ್ಲಿರುವ ಮೋಡೆಮ್ ಯಾವ ದೇಶದಲ್ಲಿದೆ ಎಂಬ ಬಗ್ಗೆ

ಜಿಲ್ಲಾ ಕಚೇರಿ, ಬೀದರ
(ಮುದ್ರೆಯಲ್ಲಿ ಇಲಾಖೆಯ ಹೆಸರು ಸವೆದಿರುತ್ತದೆ, ಹೊಸ ಮುದ್ರೆಗಾಗಿ ಬರೆಯಲಾಗಿದೆ)

ಸುತ್ತೋಲೆ ಸಂಖ್ಯೆ: ಬೀದರ/ಮೋಡೆಮ್/ದೇಶ/೭/೨೦೦೩-೦೪
ದಿನಾಂಕ: ೧೬ ಜೂನ್ ೨೦೦೩

ವಿಷಯ: ಡಯಲ್-ಅಪ್ ಮೋಡೆಮ್‌ಗಳನ್ನು ಆಯಾ ದೇಶದ ನಿಯಮಕ್ಕೆ ಒಳಪಟ್ಟು ಬಳಸುವ ಹಾಗೂ ಕೂಸುಗಳ ಹೆಸರು ಅರ್ಧಕ್ಕೆ ತುಂಡಾಗದಂತೆ ನೋಡಿಕೊಳ್ಳುವ ಕುರಿತು.

ಉಲ್ಲೇಖ: ೧) ಈ ಕಚೇರಿಯ ಹಿಂದಿನ ಸುತ್ತೋಲೆ (ಈಗ ರದ್ದು).
೨) ಪರಿವೀಕ್ಷಕರಾದ ಶ್ರೀ ಮಾಣಿಕ ಅವರ ವರದಿ.
೩) ಸದರಿಯವರಿಗೆ ನೀಡಿದ ಕಾರಣ ಕೇಳುವ ನೋಟಿಸು ಹಾಗೂ ಅವರ ಉತ್ತರ.

ಪ್ರಸ್ತಾವನೆ:

ಮೋಡೆಮ್ ಎಂಬುದು ಕಂಪ್ಯೂಟರನ್ನು ಟೆಲಿಫೋನ್ ಲೈನಿಗೆ ಜೋಡಿಸುವ ಚಿಕ್ಕ ಡಬ್ಬಿಯಾಗಿರುತ್ತದೆ. ಒಂದೊಂದು ದೇಶದ ಟೆಲಿಫೋನಿನ ಸ್ವರ ಒಂದೊಂದು ಬಗೆಯದಾದ್ದರಿಂದ, ತಾನು ಯಾವ ದೇಶದಲ್ಲಿ ಇದ್ದೇನೆಂದು ಅದಕ್ಕೆ ಮೊದಲೇ ತಿಳಿಸಬೇಕಾಗುತ್ತದೆ. ಆದಕಾರಣ, ಪ್ರತಿಯೊಂದು ಮೋಡೆಮ್ ತಾನು ಇರುವ ದೇಶದಲ್ಲಿಯೇ ಇರತಕ್ಕದ್ದು ಎಂದು ಉಲ್ಲೇಖ (೧)ರಲ್ಲಿ ಆದೇಶಿಸಲಾಗಿತ್ತು. ಈ ಆದೇಶ ಬಹಳ ಸರಳವಾದುದೆಂದು ಆಗ ಭಾವಿಸಲಾಗಿತ್ತು.

ಪ್ರಕರಣದ ವಿವರ:

ಭಾಲ್ಕಿಯ ಹಳೆ ಬಸ್ ನಿಲ್ದಾಣದ ಹತ್ತಿರ ಶ್ರೀಮತಿ ಹಮೀದುನ್ನಿಸಾ ಎಂಬವರು ಒಂದು ಕಂಪ್ಯೂಟರಿನ ಇಂಟರ್ನೆಟ್ ಕೇಂದ್ರ ನಡೆಸುತ್ತಾರೆ. ಅಲ್ಲಿನ ಮೋಡೆಮನ್ನು ಅವರ ಅಣ್ಣ ಬಹರೈನಿನಿಂದ ಎರಡು ಕಂಬಳಿಗಳ ನಡುವೆ ಸುತ್ತಿ ತಂದಿದ್ದು, ಭಾಲ್ಕಿಗೆ ಬಂದ ಮೇಲೂ ಅದು ಬಹರೈನಿನಲ್ಲಿಯೇ ಇದೆಯೆಂದು ದೂರು ಬಂದಿತ್ತು. ಕಳೆದ ತಿಂಗಳ ಒಂದು ಶುಕ್ರವಾರ ಶ್ರೀ ಮಾಣಿಕ ಅವರನ್ನು ತಪಾಸಣೆಗೆ ಕಳುಹಿಸಲಾಯಿತು.

ಆ ದಿನ ಕೇಂದ್ರದಲ್ಲಿ ಸಾಯಗಾಂವದ ಶ್ರೀಮತಿ ಅನುಸೂಯಾಬಾಯಿ ಕೂಸನ್ನೆತ್ತಿಕೊಂಡು ಕುಳಿತಿದ್ದರು. ಅವರ ಯಜಮಾನರಾದ ಶ್ರೀ ಪಂಢರಿ ಗೌಂಡಿ ಕೆಲಸದವರು. ಎರಡು ಮಳೆಗಾಲ ಕೈಕೊಟ್ಟ ಮೇಲೆ ಕುಡಿಯುವ ನೀರಿಗೇ ತತ್ವಾರವಾಗಿ ಊರಿನಲ್ಲಿ ಯಾರೂ ಗೋಡೆ ಕಟ್ಟಿಸಲಿಲ್ಲ. ಅವರು ಮಸ್ಕತ್ತಿಗೆ ಹೋದರು. ಕೂಸು ಹುಟ್ಟಿದ್ದು ಆಮೇಲೆ. ತಪಾಸಣೆಯ ಮರುದಿನವೇ ಪಂಢರಿಯವರನ್ನು ಟೆಲಿಫೋನ್ ಇಲ್ಲದ ಮರಳುಗಾಡಿನ ಕೆಲಸಕ್ಕೆ ಒಯ್ಯುವವರಿದ್ದರು. ದೀಪಾವಳಿಯವರೆಗೆ ಮಾತು ಸಿಗುವಂತಿರಲಿಲ್ಲ. ಹೆಸರನ್ನು ತಾವೇ ಹೇಳುವುದಾಗಿ ಅವರು ತಿಳಿಸಿದ್ದರಿಂದ, ಹೆಸರಿಡುವುದನ್ನು ಆ ದಿನದ ಮಾತುಕತೆಯತನಕ ತಡೆಹಿಡಿಯಲಾಗಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಸಲುವಾಗಿ ಪಂಢರಿಯವರ ಅಕ್ಕ ಶ್ರೀಮತಿ ಕೌಸಲ್ಯಾಬಾಯಿ ಜೊತೆಗೆ ಬಂದಿದ್ದರು.

ಮೋಡೆಮ್ ಬಹರೈನಿನಲ್ಲಿರುವುದನ್ನು ಶ್ರೀ ಮಾಣಿಕ ಖುದ್ದಾಗಿ ಕಂಡು, ಕೂಡಲೇ ಅದನ್ನು ಭಾರತಕ್ಕೆ ತರತಕ್ಕದ್ದೆಂದು ಸೂಚಿಸಿದರು. ಆದರೆ ಮೋಡೆಮಿಗೆ ಗೊತ್ತಿದ್ದ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಇರುವ ದೇಶ ಪಟ್ಟಿಯಲ್ಲಿಲ್ಲದಿದ್ದರೆ ಹತ್ತಿರದ್ದು ಎಂಬ ನಿಯಮದಂತೆ, ಹತ್ತಿರದ ದೇಶವನ್ನು ಹುಡುಕಿ ಮೋಡೆಮನ್ನು ಶ್ರೀಲಂಕಾಕ್ಕೆ ವರ್ಗಾಯಿಸಲಾಯಿತು. ಅಲ್ಲಿ ಅದಕ್ಕೆ ಭಾಲ್ಕಿಯ ಸ್ವರ ಹಿಡಿಯಲಿಲ್ಲ. ಕೆಲವು ದೇಶಗಳ ನಿಯಮದಂತೆ ಒಮ್ಮೆ ಸೋತ ಮೋಡೆಮ್ ಮತ್ತೆ ಡಯಲ್ ಮಾಡುವ ಮುನ್ನ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಅದೂ ಸುಮ್ಮನಿತ್ತು. ಕೊನೆಗೆ ಹೇಗೋ ಸಂಪರ್ಕವಾಗಿ ಕಂಪ್ಯೂಟರಿನಿಂದ ಪಂಢರಿಯವರ ದನಿ ಕೇಳಿಬಂತು. ಅವರು ಕ್ಷೇಮ ಕೇಳಿ, ಹೆಸರು ಹೇಳಲು ಶುರುಮಾಡಿ, "ಯಶೋ" ಎಂಬಲ್ಲಿಗೆ ಲೈನು ಕಡಿದುಹೋಯಿತು.

ಶ್ರೀಮತಿ ಕೌಸಲ್ಯಾಬಾಯಿ ಇದನ್ನು ಯಶೋದಾ ಎಂದು ತೀರ್ಮಾನಿಸಿ, ಕೂಸಿನ ಕಿವಿಯತ್ತ ಬಗ್ಗಿದರೆಂದೂ, ಅನುಸೂಯಾಬಾಯಿ ಕೂಸನ್ನು ಇನ್ನೊಂದು ತೋಳಿಗೆ ಸರಿಸಿಕೊಂಡರೆಂದೂ ವರದಿಯಲ್ಲಿದೆ. ಅನುಸೂಯಾಬಾಯಿಯವರ ಮಾತನ್ನು ಶ್ರೀ ಮಾಣಿಕ ಇದ್ದಂತೆಯೇ ದಾಖಲಿಸಿದ್ದಾರೆ: "ಅರ್ಧಾ ಹೆಸರು ತಗೊಂಡು ನಾ ಮನಿಗಿ ಹೋಗಂಗಿಲ್ರಿ ಅಕ್ಕಾ. ಅವ್ರು ಪೂರಾ ಹೇಳ್ಲಿ."

ಮತ್ತೆ ಡಯಲ್ ಮಾಡಲಾಯಿತು. ಶ್ರೀಲಂಕಾ ಉತ್ತರಿಸಲಿಲ್ಲ. ಆಗ ಶ್ರೀಮತಿ ಹಮೀದುನ್ನಿಸಾ, "ಸಾಹೇಬ್ರ, ಈ ಮಷೀನಿಗಿ ಖಾನೂನ್ ತಿಳಿಯಂಗಿಲ್ರಿ. ನಮ್ಮ ಭಾಲ್ಕಿ ಫೋನು ಯಾವ ದೇಶದ ಮಾತು ಕೇಳ್ತದೋ ಅಲ್ಲೇ ಇರ್ಲಿ ಬಿಡ್ರಿ" ಎಂದು ಅರಿಕೆ ಮಾಡಿಕೊಂಡರು. ಶ್ರೀ ಮಾಣಿಕ ಸ್ವಂತ ಕೈಯಿಂದಲೇ ಮೋಡೆಮನ್ನು ಬಹರೈನಿಗೆ ವಾಪಸು ಕಳುಹಿಸಿದರು. ಲೈನು ಮೊದಲ ಪ್ರಯತ್ನಕ್ಕೇ ಸಿಕ್ಕಿತು.

ಪಂಢರಿಯವರು ಆಚೆ ಮಸ್ಕತ್ತಿನ ಇಂಟರ್ನೆಟ್ ಕೇಂದ್ರದಲ್ಲಿ ಇನ್ನೂ ಕುಳಿತಿದ್ದರು. ಹಿಂದೆ ಸರದಿಯಲ್ಲಿ ನಿಂತಿದ್ದ ಕರೀಂನಗರದ ಹಾಗೂ ನಾಂದೇಡದ ಕೆಲಸಗಾರರು ತಮ್ಮ ತಮ್ಮ ಪಾಳಿಯನ್ನು ಅವರಿಗೆ ಬಿಟ್ಟುಕೊಟ್ಟಿದ್ದರೆಂದು ತಿಳಿದುಬಂದಿದೆ. ಅವರು ಒಂದೊಂದೇ ಅಕ್ಷರ ಬಿಡಿಸಿ "ಯಶೋಧರಾ" ಎಂದರು. ಕೌಸಲ್ಯಾಬಾಯಿ ಅದನ್ನು ಕಿವಿಯಲ್ಲಿ ಹೇಳಿದೊಡನೆ ಕೂಸು ಎಚ್ಚರಗೊಂಡು ಗಟ್ಟಿಯಾಗಿ ಅಳತೊಡಗಿತು. ತಾಯಿ ಎದೆಗೆ ಹಚ್ಚಿಕೊಂಡು ರಮಿಸಹೋದಾಗ ಆಚೆಯಿಂದ ಬಂದ ಮಾತು: "ಸುಮ್ನ ಮಾಡಬ್ಯಾಡ, ಅನುಸೂಯಾ. ಅಳ್ಲಿ. ನಾ ಕೇಳ್ಲತ್ತೇನಿ."

ಎಷ್ಟು ಹೊತ್ತು ಅತ್ತಿತೆಂಬ ಕಾಲಂ ವರದಿಯಲ್ಲಿ ಖಾಲಿ ಇದೆ.

ನಿಯಮ ಮೀರಿದ್ದಕ್ಕಾಗಿ ಶ್ರೀ ಮಾಣಿಕ ಅವರಿಗೆ ನೋಟಿಸು ನೀಡಲಾಯಿತು. ಲಿಖಿತ ಉತ್ತರದ ಬದಲು ಅವರು ಕೆಳಗೆ ಸಹಿ ಮಾಡಿದವರ ಎದುರು ನಿಂತು, "ಮೋಡೆಮ್ ಕಡಿಂದ ಸುಳ್ಳು ಹೇಳ್ಸಿದಾವ ನಾನೇರಿ. ಅಂಥಾ ಪ್ರಸಂಗ ಬಂದ್ರ ಮತ್ತ ಹೇಳಸ್ತೇನಿ" ಎಂದು ನಿವೇದಿಸಿದರು. ಇದನ್ನು ತೃಪ್ತಿಕರವೆಂದು ಪರಿಗಣಿಸುವುದೋ ಬೇಡವೋ ಎಂಬುದು ಹಲವು ದಿನ ಈ ಕಚೇರಿಯ ಪರಿಶೀಲನೆಯಲ್ಲಿತ್ತು. ಅದೇ ಅವಧಿಯಲ್ಲಿ ಕಚೇರಿಯ ಸ್ವಂತ ಮೋಡೆಮನ್ನು ತೆರೆದು ನೋಡಲಾಗಿ, ಅದು ಖರೀದಿಯಾದಂದಿನಿಂದ ಫಿನ್ಲೆಂಡಿನಲ್ಲಿ ಇರುವುದು ಕಂಡುಬಂತು. ನೋಟಿಸನ್ನು ಹಿಂಪಡೆಯಲಾಗಿದೆ.

ಆದೇಶ:

೧. ಭಾಲ್ಕಿಯ ಸದರಿ ಮೋಡೆಮ್ ಇನ್ನು ಮುಂದೆಯೂ ಬಹರೈನಿನಲ್ಲಿಯೇ ಮುಂದುವರಿಯಲು ಈ ಮೂಲಕ ಅನುಮತಿಸಲಾಗಿದೆ. ಅದರ ಕೆಳಗಿನ ಮೇಜು, ಎದುರಿನ ಕುರ್ಚಿ ಹಾಗೂ ಕುರ್ಚಿಯಲ್ಲಿ ಕೂತವರು ಭಾಲ್ಕಿಯವರೇ ಆಗಿರುತ್ತಾರೆ. ಕುರ್ಚಿಯಿಂದ ಮೇಜಿಗೆ ಕೈ ಚಾಚಲು ಪಾಸ್‌ಪೋರ್ಟ್ ಬೇಕಿಲ್ಲ.

೨. ಹತ್ತಿರದ ದೇಶವನ್ನು ಭೂಪಟದ ಮೇಲೆ ಅಳೆದು ನಿರ್ಧರಿಸುವುದು. ದೂರ ಅಳೆಯುವ ನಿಮಿತ್ತ ಕೊಲಂಬೊವರೆಗೆ ಪ್ರವಾಸ ಭತ್ಯೆ ಕೋರಿದ ಔರಾದ ಶಾಖೆಯ ಶ್ರೀ ನಜಮೋದ್ದೀನ ಅವರ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಸದರಿಯವರು ಎರಡನೇ ಅರ್ಜಿಯಲ್ಲಿ ದೂರವನ್ನು ಕಡಿಮೆ ಮಾಡಿ ಮಾಲ್ಡೀವ್ಸ್ ಎಂದು ನಮೂದಿಸಿರುತ್ತಾರೆ, ಅದು ಕಡಿಮೆಯಲ್ಲ.

೩. ಸಂಪರ್ಕದ ವೇಳೆ ಮೋಡೆಮ್ ಹೊರಡಿಸುವ ಕೀರಲು ಸದ್ದು ಯಾವುದೇ ದೇಶದ ಭಾಷೆಯಲ್ಲವೆಂದು ಸ್ಪಷ್ಟಪಡಿಸಲಾಗಿದೆ. ನೌಬಾದದ ನಾಗರಿಕರೊಬ್ಬರು ಇದನ್ನು ಕೋಳಿ ಕಳುವೆಂದು ತಿಳಿದು ದೂರಿತ್ತಿದ್ದು, ಸ್ಥಳ ಪರಿಶೀಲನೆಯಲ್ಲಿ ಕೋಳಿಗಳೆಲ್ಲ ಹಾಜರಿದ್ದವು.

೪. ಮೋಡೆಮ್ ಕಾದಾಗ ಒದ್ದೆ ಬಟ್ಟೆ ಹೊದಿಸುವುದನ್ನು ನಿಷೇಧಿಸಲಾಗಿದೆ. ಟ್ಯಾಂಕರಿನ ನೀರು ಮನುಷ್ಯರಿಗೂ ದನಗಳಿಗೂ ಮೀಸಲು. ಬೀಸಣಿಗೆ ಬಳಸುವುದು. ಅಂದಹಾಗೆ, ಟ್ಯಾಂಕರ್ ಬಂದ ಹೊತ್ತಿನಲ್ಲಿ ಊರೆಲ್ಲ ಕೊಡ ಹಿಡಿದು ಅಲ್ಲಿಯೇ ನಿಲ್ಲುವುದರಿಂದ ಲೈನುಗಳು ಖಾಲಿ ಇರುತ್ತವೆ. ದೂರದೇಶಕ್ಕೆ ಮಾತನಾಡುವವರು ಇದನ್ನು ಗಮನಿಸುವುದು, ಅವರ ಕೊಡವನ್ನು ನೆರೆಯವರು ತುಂಬಿಡುವುದು.

೫. ಉದ್ದ ಹೆಸರುಗಳು ತುಂಡಾಗುವ ಸಂಭವವಿರುವುದರಿಂದ, ನಾಲ್ಕಕ್ಷರದ ಹೆಸರಿಡುವವರು ಮುಂಗಡ ಅನುಮತಿ ಪಡೆಯತಕ್ಕದ್ದು. (ಕರಡು ಓದಿದ ಶ್ರೀ ಮಾಣಿಕ ಮತ್ತೆ ಎದುರು ಬಂದು ನಿಂತಿದ್ದರಿಂದ ಈ ಕಂಡಿಕೆಯನ್ನು ಕೈಬಿಡಲಾಗಿದೆ.)

೬. ಯಾವುದೇ ತಪಾಸಣೆಯನ್ನು, ಹೆಸರು ಪೂರ್ತಿಯಾಗಿ ಕೂಸಿನ ಕಿವಿಗೆ ಬಿದ್ದ ನಂತರವೇ ಆರಂಭಿಸತಕ್ಕದ್ದು. ಕೂಸು ಅಳುತ್ತಿದ್ದಲ್ಲಿ, ಅಳು ಆಚೆಯವರಿಗೂ ಕೇಳಿಸುತ್ತಿದ್ದಲ್ಲಿ, ಪರಿವೀಕ್ಷಕರು ಬಾಗಿಲ ಹೊರಗೆ ಕಾಯತಕ್ಕದ್ದು.

(ಸಹಿ)
ವೈಜಿನಾಥ
ಪ್ರಭಾರ ಅಧಿಕಾರಿ, ಬೀದರ

ಪ್ರತಿಗಳು:
೧. ಭಾಲ್ಕಿ ಹಾಗೂ ಔರಾದ ಶಾಖೆಗಳಿಗೆ, ಸೂಚನಾ ಫಲಕದಲ್ಲಿ ಹಚ್ಚಲು. ಫಲಕ ಇಲ್ಲದಲ್ಲಿ ಬಾಗಿಲಿಗೆ.
೨. ಶ್ರೀಮತಿ ಹಮೀದುನ್ನಿಸಾ, ಭಾಲ್ಕಿ: ಮಾಹಿತಿಗಾಗಿ.
೩. ಶ್ರೀಮತಿ ಕೌಸಲ್ಯಾಬಾಯಿ, ಸಾಯಗಾಂವ: ಹೆಸರಿನಲ್ಲಿ 'ದ' ಅಲ್ಲ, 'ಧ' ಎಂಬುದನ್ನು ಗಮನಿಸಲು.
೪. ಶ್ರೀ ಪಂಢರಿ, ಮಸ್ಕತ್: ವಿಳಾಸದಲ್ಲಿ ಮರಳುಗಾಡು ಎಂದಷ್ಟೇ ಇರುವುದರಿಂದ, ಊರಿಗೆ ಬಂದಾಗ ಖುದ್ದಾಗಿ ನೀಡಲು.
೫. ಕುಮಾರಿ ಯಶೋಧರಾ, ತಂದೆ ಪಂಢರಿ, ಸಾಯಗಾಂವ: ಓದಲು ಬಂದ ಮೇಲೆ ಓದಿಕೊಳ್ಳಲು. ಅಲ್ಲಿಯವರೆಗೆ ತಾಯಿಯವರ ವಶದಲ್ಲಿ.