ಕೋಟೆಯ ಅಜ್ಜಿಯೂ ಕರಗುವ ಹಿಮವೂ

ನಾನು ಹೆಚ್ಚು ನಗುವವನಲ್ಲ. ಕಾಪುವಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಭೂಗೋಳ ಕಲಿಸುತ್ತಿದ್ದೇನೆ. ಮಕ್ಕಳು ನನ್ನ ಹಲ್ಲು ನೋಡಿದ್ದು ಕಡಿಮೆ. ಆದರೆ ನಗುವಂಥ ಪ್ರಸಂಗಗಳು ನಗುವವರನ್ನೇ ಆರಿಸಿಕೊಂಡು ಹೋಗುವುದಿಲ್ಲ, ನನ್ನಂಥವನ ಎದುರಿಗೂ ನಡೆಯುತ್ತಲೇ ಇರುತ್ತವೆ. ಮೊದಲು ಅವಕ್ಕೆ ನಗುವ ಕೆಲಸ ನನ್ನ ಹೆಂಡತಿಯದ್ದಾಗಿತ್ತು. ಅವಳು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂದಿದೆ. ಜೊತೆಗೆ ಇನ್ನೊಂದು ಕೆಲಸವೂ ಬಂದಿದೆ: ಅವಳು ತನ್ನ ತಾಯಿಗೆ ಅರ್ಧ ಹೇಳಿ ಬಿಟ್ಟುಹೋದ ಒಂದು ಕತೆಯನ್ನು ಮುಗಿಸಿ ಕೊಡುವುದು. ಎರಡನ್ನೂ ನಾನು ಚೆನ್ನಾಗಿ ಮಾಡುತ್ತಿಲ್ಲ.

೧. ಉಚ್ಚಿಲ

ಆ ಕತೆ ಇರುವುದು ಆರು ದಪ್ಪ ಇಂಗ್ಲಿಷ್ ಪುಸ್ತಕಗಳಲ್ಲಿ. ಯಾವ ನಕ್ಷೆಯಲ್ಲೂ ಇಲ್ಲದ ಒಂದು ನಾಡು. ಗುಡ್ಡಕ್ಕೊಂದು ಕೋಟೆ, ಕೋಟೆಗೊಬ್ಬ ಒಡೆಯ, ಒಡೆಯರ ಮೇಲೊಬ್ಬ ರಾಜ, ಎಲ್ಲರಿಗೂ ಎಲ್ಲರ ಮೇಲೂ ಸಿಟ್ಟು. ಹೆಂಡತಿಗೆ ಮಣಿಪಾಲದ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಇದನ್ನೇ ಓದುತ್ತಿದ್ದಳು. ಸಂಜೆ ಫೋನ್ ಬರುತ್ತಿತ್ತು.

"ನಾನು ಉಚ್ಚಿಲದಲ್ಲಿದ್ದೇನೆ."

"ಪುನಃ ಕಾಪು ದಾಟಿದೆಯಾ?"

"ಎಂತ ಮಾಡುವುದು, ಕಾಪು ಬರುವಾಗ ಸರಿಯಾಗಿ ಒಬ್ಬನನ್ನು ಗಲ್ಲಿಗೆ ಹತ್ತಿಸುತ್ತಿದ್ದರು."

ನಾನು ಸ್ಕೂಟರ್ ತೆಗೆದುಕೊಂಡು ಹೋಗುತ್ತಿದ್ದೆ. "ಈ ತಿಂಗಳಲ್ಲಿ ಇದು ಮೂರನೆಯ ಸಲ" ಎಂದು ಲೆಕ್ಕ ಹೇಳುತ್ತಿದ್ದೆ. ಅವಳು ಹಿಂದೆ ಕುಳಿತು, ಗಲ್ಲಿಗೇರಿದವನು ಯಾರು, ಯಾಕೆ ಎಂದು ಶುರು ಮಾಡಿದರೆ, ಹೆಲ್ಮೆಟ್ ಉಂಟು, ಕೇಳಿಸುವುದಿಲ್ಲ ಎನ್ನುತ್ತಿದ್ದೆ. ಕೇಳಿಸುತ್ತಿತ್ತು.

ಅವಳು ತೀರಿಕೊಂಡ ಮೇಲೆ ಒಂದು ದಿನ ಅವಳ ಮೊದಲನೆಯ ಸಂಪುಟ ಹಿಡಿದು ನಾನೇ ಉಡುಪಿಯಿಂದ ಬರುತ್ತಿದ್ದೆ. ಅದೇ ಗಲ್ಲು ಬಂತು. ತಲೆ ಎತ್ತಿದರೆ ಉಚ್ಚಿಲ. ಇಳಿದು ಫೋನ್ ತೆಗೆದೆ. ಯಾರಿಗೆ ಮಾಡುವುದೆಂದು ಹೊಳೆಯದೆ ಅದನ್ನೇ ನೋಡುತ್ತ ನಿಂತೆ. ಹಳೆಯ ಕಂಡಕ್ಟರ್; ಅವನಿಗೆ ವಿಷಯ ತಿಳಿದಿರಲಿಲ್ಲ. ಹೊರಟ ಬಸ್ಸಿನ ಮೆಟ್ಟಿಲಲ್ಲಿ ನಿಂತು ಕೂಗಿದ: "ಮಾಸ್ತ್ರೇ, ಮನೆಯನ್ನೇ ಉಚ್ಚಿಲಕ್ಕೆ ಬದಲಿಸಿ ಮಾರಾಯ್ರೆ! ಗಂಡ ಹೆಂಡತಿ ಇಬ್ಬರಿಗೂ ಇಳಿಯಲಿಕ್ಕೆ ಸುಲಭ."

೨. ಅಳಿಯಕಟ್ಟು

ಬಸ್ಸಿನಲ್ಲಿ ಓದಿದ್ದನ್ನು ಅವಳು ಸಂಜೆ ಅಡಿಗೆಮನೆಯಲ್ಲಿ ತಾಯಿಗೆ ತುಳುವಿನಲ್ಲಿ ಹೇಳುತ್ತಿದ್ದಳು. ಅತ್ತೆ ಹತ್ತಿರದ ಇನ್ನಂಜೆ ಊರಿನವರು, ನಮ್ಮ ಜೊತೆಗೇ ಇರುವವರು. ನನ್ನನ್ನು ಇಂದಿಗೂ "ಮಾಸ್ತ್ರೇ" ಎಂದೇ ಕರೆಯುತ್ತಾರೆ. ಅವರ ಮಾತನ್ನು ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ; ಖಾರ ಸ್ವಲ್ಪ ಕಡಿಮೆಯಾಗಿದೆ.

ಆರು ವರ್ಷ ಆ ಕತೆ ನಡೆಯಿತು. ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ, ಗಲಾಟೆ ಎಂದು ಬಾಗಿಲು ಮುಚ್ಚಿಕೊಂಡು. ಆದರೂ ಕೆಲವು ಮಾತು ಒಳಗೆ ಬರುತ್ತಿದ್ದವು. ಅತ್ತೆಗೆ ಆ ಒಡೆಯರೆಲ್ಲ ನಮ್ಮ ಕಡೆಯ ಊರಾಳುವ ಗುತ್ತಿನ ಮನೆಯವರಂತೆ. ಯಾವ ಕೋಟೆಯವರು ಮದುವೆಗೆ ಕರೆಯದೆ ಅವಮಾನ ಮಾಡಿದರು ಎಂಬುದು ಅವರಿಗೆ ಬಾಯಿಪಾಠ. ಎಲ್ಲರಿಗಿಂತ ಇಷ್ಟ ಒಬ್ಬಳು ಅಜ್ಜಿ. ಉತ್ತರದ ಕೋಟೆಯ ಬೀಗದ ಕೈಗೊಂಚಲನ್ನು ಸೊಂಟದಿಂದ ಬಿಚ್ಚದವಳು. "ಹೆಂಗಸು ಎಂದರೆ ಅವಳು" ಎನ್ನುತ್ತಿದ್ದರು.

ಒಂದು ಸಂಜೆ ಅತ್ತೆ ಮಟ್ಟುಗುಳ್ಳ ಬದನೆ ಹೆಚ್ಚುತ್ತಿದ್ದರು. ರಾಜ ಸತ್ತು, ಮೂವರು ಗಂಡುಮಕ್ಕಳು ಪಟ್ಟಕ್ಕಾಗಿ ಯುದ್ಧಕ್ಕೆ ನಿಂತಿದ್ದರು.

"ಮಗನಿಗೆ ಯಾಕೆ ಕೊಡುವುದು? ತಂಗಿಯ ಮಗನಿಗೆ ಕೊಟ್ಟರೆ ಮುಗಿಯಿತಲ್ಲ."

"ಅಲ್ಲಿ ಅಳಿಯಕಟ್ಟು ಇಲ್ಲ ಅಮ್ಮ."

ಮೆಟ್ಟುಕತ್ತಿಯಲ್ಲಿ ಇನ್ನೊಂದು ಗುಳ್ಳ ಎರಡು ಹೋಳಾದ ಸದ್ದು ಕೇಳಿತು. "ಇಲ್ಲವಾ? ಹಾಗಾದರೆ ಸಾಯಲಿ."

೩. ಕಲ್ಲು

ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಒಂದು ಸಾಕ್ಷ್ಯಚಿತ್ರವನ್ನು ಮಕ್ಕಳಿಗೆ ತೋರಿಸಬೇಕೆಂದು ಆದೇಶ ಬಂತು. ಒಂಬತ್ತನೆಯ ತರಗತಿಯ ಕಿಟಕಿಗಳಿಗೆ ಚಾಪೆ ಕಟ್ಟಿ ತೋರಿಸಿದೆ. ಧ್ರುವದ ಹಿಮ ಕರಗಿತು, ಕರಡಿ ಒಂದು ತುಂಡಿನ ಮೇಲೆ ಒಂಟಿಯಾಗಿ ನಿಂತಿತು, ಎಲ್ಲೋ ಒಂದು ದ್ವೀಪದ ಮನೆಗಳೊಳಗೆ ಕಡಲು ಬಂತು. ದೀಪ ಹಾಕಿ, "ಈ ಜನರನ್ನು ಉಳಿಸಲು ಏನು ಮಾಡಬೇಕು?" ಎಂದು ಕೇಳಿದೆ.

ಮನೆಯ ಹಿಂದಿನ ನಾಲ್ಕು ತೆಂಗಿನಮರಗಳನ್ನು ಕಡಲಿಗೆ ಕೊಟ್ಟ ಒಂದು ಹುಡುಗಿ ಎದ್ದು ನಿಂತಳು. "ದಡಕ್ಕೆ ಕಲ್ಲು ಹಾಕಿಸಬೇಕು ಸರ್."

"ಕಡಲು ಏರುವುದಕ್ಕೆ ಕಲ್ಲು ಪರಿಹಾರವಾ?"

"ನಮಗೆ ಪ್ರತಿ ವರ್ಷ ಅದನ್ನೇ ಹಾಕುವುದಲ್ವಾ ಸರ್?" ಎಂದು, ಸ್ವಲ್ಪ ಯೋಚಿಸಿ ಕೇಳಿದಳು, "ಅಲ್ಲಿ ಚುನಾವಣೆ ಇಲ್ಲವಾ?"

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ನೆಲದ ಮೇಲೆ ಕುಳಿತು ನಕ್ಕಳು. ಆಮೇಲೆ ಕೆಮ್ಮಿದಳು. ಆ ಕೆಮ್ಮನ್ನು ನಾನು ಗಮನಿಸಿದ್ದು ಎರಡು ತಿಂಗಳ ನಂತರ.

೪. ಚಪ್ಪಾಳೆ

ಅವಳು ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿದಾಗ ಆರನೆಯ ಸಂಪುಟ ಅರ್ಧಕ್ಕೆ ನಿಂತಿತ್ತು. ಕಣ್ಣು ಸೋಲುತ್ತದೆ, ಎರಡು ಪುಟ ನೀವು ಓದಿ ಹೇಳಿ ಎಂದಳು. ನನಗೆ ಆ ಶನಿವಾರ ಕಾರ್ಕಳದಲ್ಲಿ ಶಿಕ್ಷಕರ ಕಾರ್ಯಾಗಾರ. ಅದೇ ಸಾಕ್ಷ್ಯಚಿತ್ರ ತೋರಿಸಿ ವಿವರಿಸುವವನು ನಾನು. "ಕಾರ್ಕಳದ್ದು ಮುಗಿಯಲಿ" ಎಂದು ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಟಿಪ್ಪಣಿ ಮಾಡತೊಡಗಿದೆ. ಅವಳೂ ಒರಗಿಕೊಂಡು ಇಡೀ ಚಿತ್ರ ನೋಡಿದಳು. ಕೊನೆಗೆ ಹೇಳಿದಳು: "ಲೋಕವೇ ಮುಳುಗುತ್ತಾ ಉಂಟು, ಒಬ್ಬನಾದರೂ ಒಳ್ಳೆಯ ವಿಲನ್ ಬೇಡವಾ ಇವರಿಗೆ?"

ಕಾರ್ಕಳದ ಸಭಾಂಗಣದಲ್ಲಿ ಊಟದ ನಂತರದ ಅವಧಿ ನನ್ನದು. ಕತ್ತಲೆ ಮಾಡಿದ ಕೂಡಲೇ ಅಧ್ಯಕ್ಷರ ಗಲ್ಲ ಎದೆಗೆ ತಾಗಿತು. ಒಂದು ಬೆಟ್ಟದಷ್ಟು ಹಿಮ ಕಡಲಿಗೆ ಕುಸಿಯುವ ಭಾಗ ಬಂದಾಗ ದೊಡ್ಡ ಸದ್ದಾಯಿತು. ಅಧ್ಯಕ್ಷರು ಬೆಚ್ಚಿ ಎದ್ದರು. ಕಾರ್ಯಕ್ರಮ ಮುಗಿಯಿತೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ತಟ್ಟಿದ ಮೇಲೆ ಶಿಕ್ಷಕರು ಸುಮ್ಮನಿರುವ ಹಾಗಿಲ್ಲ. ಹಿಮ ಕುಸಿಯುತ್ತಲೇ ಇತ್ತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇತ್ತು. ಹಿಂದಿನ ಸಾಲಿನಿಂದ ಒಬ್ಬರು "ಇನ್ನೊಮ್ಮೆ!" ಎಂದೂ ಕೂಗಿದರು.

ಇದನ್ನು ಅವಳಿಗೆ ಹೇಗೆ ಹೇಳಬೇಕೆಂದು ಕಾರ್ಕಳದಿಂದ ಮಣಿಪಾಲದವರೆಗೆ ಬಸ್ಸಿನಲ್ಲಿ ಜೋಡಿಸಿಕೊಂಡು ಹೋದೆ. ತಲುಪುವಾಗ ನಿದ್ದೆಯಲ್ಲಿದ್ದಳು. ಎಬ್ಬಿಸುವುದು ಬೇಡ, ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವಳಿಗೆ ಎಚ್ಚರವಾಗಲಿಲ್ಲ. ಆ ಎರಡು ಪುಟಗಳನ್ನೂ ನಾನು ಓದಿ ಹೇಳಿರಲಿಲ್ಲ.

೫. ಪುಟ ಇನ್ನೂರ ಎಪ್ಪತ್ತು

ಕೆಲವು ವಾರ ಕಳೆದ ಮೇಲೆ ಅತ್ತೆ ಕೇಳಿದರು, "ಮಾಸ್ತ್ರೇ, ಮುಂದೆ ಎಂತ ಆಯಿತು?" ನನಗೆ ಹಿಂದಿನದೇ ಗೊತ್ತಿರಲಿಲ್ಲ. ಮೊದಲ ಸಂಪುಟದಿಂದ ಓದಲು ಕುಳಿತೆ. ಓದಿದಷ್ಟನ್ನು ಸಂಜೆ ಅಡಿಗೆಮನೆಯಲ್ಲಿ ಕುಳಿತು ಹೇಳತೊಡಗಿದೆ. ಕೋಟೆಯಿಂದ ಕೋಟೆಗೆ ದೂರ, ಸೈನ್ಯದ ಸಂಖ್ಯೆ, ನದಿ ಹರಿಯುವ ದಿಕ್ಕು, ಯಾವುದನ್ನೂ ಬಿಡಲಿಲ್ಲ.

"ಅವಳು ಹೇಳುವಾಗ ಕುದುರೆ ಓಡುತ್ತಿತ್ತು. ನೀವು ಹೇಳುವಾಗ ಕುದುರೆಯ ಹಾಜರಿ ಆಗುತ್ತದೆ" ಎಂದರು ಅತ್ತೆ.

ಮೂರನೆಯ ಸಂಪುಟದಲ್ಲಿ ಒಂದು ವಿಷಯ ಎದುರಾಯಿತು. ಉತ್ತರದ ಕೋಟೆಯ ಅಜ್ಜಿ ಸತ್ತೇಹೋದಳು. ಎರಡು ಸಲ ಓದಿದೆ, ಸಂಶಯವಿಲ್ಲ. ಆದರೆ ಅತ್ತೆಯ ಕತೆಯಲ್ಲಿ ಅವಳು ಆರನೆಯ ಸಂಪುಟದವರೆಗೂ ಬೀಗದ ಕೈ ಹಿಡಿದು ಎಲ್ಲರನ್ನೂ ಗದರಿಸುತ್ತಿದ್ದಳು. ತಾಯಿಗೆ ಬೇಜಾರಾಗಬಾರದೆಂದು ನನ್ನ ಹೆಂಡತಿ ಮೂರು ಸಂಪುಟಗಳ ಕಾಲ ಆ ಅಜ್ಜಿಯನ್ನು ತನ್ನ ಕೈಯಿಂದಲೇ ಬದುಕಿಸಿಕೊಂಡು ಬಂದಿದ್ದಳು. ಮುಚ್ಚಿದ ಬಾಗಿಲಿನ ಆಚೆ ಅವಳು ಇಷ್ಟನ್ನೆಲ್ಲ ಕಟ್ಟುತ್ತಿದ್ದಳೆಂದು ನನಗೆ ತಿಳಿದದ್ದು ಆಗ.

ತಿಳಿದ ಮೇಲಾದರೂ ಸುಮ್ಮನಿರಬಹುದಿತ್ತು. ತಪ್ಪು ಕಂಡರೆ ತಿದ್ದುವುದು ನನ್ನ ಕಸುಬು. "ಅತ್ತೆ, ಆ ಅಜ್ಜಿ ಮೂರನೆಯ ಸಂಪುಟದಲ್ಲೇ ಸತ್ತಿದ್ದಾಳೆ, ಪುಟ ಇನ್ನೂರ ಎಪ್ಪತ್ತು" ಎಂದುಬಿಟ್ಟೆ.

ಅತ್ತೆ ಒಲೆ ಆರಿಸಿ ಎದ್ದು ಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ಗಂಜಿ ಬಡಿಸುತ್ತ ಹೇಳಿದರು: "ನನ್ನ ಮಗಳು ಸುಳ್ಳು ಹೇಳುವವಳಲ್ಲ. ನಿಮ್ಮ ಪುಸ್ತಕವನ್ನು ಅಂಗಡಿಯಲ್ಲಿ ಬದಲಿಸಿ ತನ್ನಿ."

೬. ಎರಡು ಎಲೆ

ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವುದು ನಮ್ಮಲ್ಲಿ ಕ್ರಮ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಳಕೋಣೆಯಲ್ಲಿ ಬಾಳೆ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಮನೆಯವರು ಹೊರಗೆ ಕಾಯುತ್ತಾರೆ. ಅವಳಿಗೆ ಇದು ಮೊದಲ ಆಟಿ. ಅತ್ತೆ ಬೆಳಿಗ್ಗೆಯಿಂದ ಕೋಳಿಸಾರು, ರೊಟ್ಟಿ, ಒಣಮೀನು ಎಂದು ಮಾಡಿ ಮಧ್ಯಾಹ್ನ ಎಲೆ ಹಾಕಿದರು. ನೋಡಿದರೆ ಎರಡು ಎಲೆ.

"ಇನ್ನೊಂದು ಯಾರಿಗೆ?"

"ಅಜ್ಜಿಗೆ."

"ನಿಮ್ಮ ಅಜ್ಜಿಗಾ?"

"ಕೋಟೆಯ ಅಜ್ಜಿಗೆ. ಸತ್ತಿದ್ದಾಳೆ ಎಂದು ನೀವೇ ಹೇಳಿದ್ದಲ್ವಾ, ಪುಟ ಸಮೇತ?"

"ಅತ್ತೆ, ಅವಳು ಪುಸ್ತಕದವಳು. ನಮ್ಮ ಮನೆಯವಳಲ್ಲ."

"ಆರು ವರ್ಷ ನಮ್ಮ ಅಡಿಗೆಮನೆಯಲ್ಲೇ ಇದ್ದಳು. ಅವಳ ಮಕ್ಕಳು ಯುದ್ಧ ಬಿಟ್ಟು ಅವಳಿಗೆ ಬಡಿಸುವವರಾ?" ಎಂದು ಸೌಟು ಹಿಡಿದು ನಿಂತರು. "ಒಣಮೀನು ತಿನ್ನುತ್ತಾಳಾ ಅವಳು?"

ನಾನು ಖಚಿತವಿಲ್ಲದ್ದನ್ನು ಹೇಳುವವನಲ್ಲ. ಕಪಾಟಿಗೆ ಹೋಗಿ ಹುಡುಕಿ ಬಂದು, "ತಿನ್ನುತ್ತಾಳೆ. ಎರಡನೆಯ ಸಂಪುಟದ ಔತಣದಲ್ಲಿ ಉಂಟು" ಎಂದೆ. ಅತ್ತೆ ಎರಡು ತುಂಡು ಬಡಿಸಿದರು, ಬಾಗಿಲು ಮುಚ್ಚಿದರು.

ಹೊರಗೆ ಕುಳಿತೆವು. ಹೆಂಡತಿ ಬಾಗಿಲಿನ ಆಚೆ, ನಾನು ಈಚೆ. ಇದು ನನಗೆ ಹೊಸತೇನಲ್ಲ. ಆದರೆ ಕಿವಿಗೊಟ್ಟು ಕುಳಿತದ್ದು ಅಂದೇ ಮೊದಲು. ಏನೂ ಕೇಳಿಸಲಿಲ್ಲ. ಗಡಿಯಾರ ನೋಡಿದೆ, ಹದಿನೈದು ನಿಮಿಷವಾಗಿತ್ತು. ಇಷ್ಟು ಸಾಕೆಂದು ಬಾಗಿಲು ತೆರೆಯಲು ಎದ್ದೆ.

ಅತ್ತೆ ನನ್ನ ಕೈ ಹಿಡಿದು ಕುಳ್ಳಿರಿಸಿದರು. "ಅವಸರ ಮಾಡಬೇಡಿ ಮಾಸ್ತ್ರೇ. ಮಗಳಿಗೆ ಆ ಅಜ್ಜಿಯ ಹತ್ತಿರ ಹೇಳಿ ಮುಗಿಸಲಿಕ್ಕೆ ಉಂಟು: 'ನಾನು ನಿಮ್ಮನ್ನು ಚೆನ್ನಾಗಿಯೇ ನೋಡಿಕೊಂಡಿದ್ದೆ, ಸಾಯಿಸಿದ್ದು ನನ್ನ ಗಂಡ.'"