ಬರ್ತೀನಿ ಅಂದವರ ಸಂಬಳಪಟ್ಟಿ

ನಮ್ಮ ಸೋದರಮಾವನ ಕಡಲೆಕಾಯಿ ಮಿಲ್ಲಿನಲ್ಲಿ ಇದುವರೆಗೆ ಒಬ್ಬರೂ ಕೆಲಸ ಬಿಟ್ಟಿಲ್ಲ. ಬಿಟ್ಟುಹೋದವರೂ ಬಿಟ್ಟಿಲ್ಲ! ಒಬ್ಬ ಕೊರಟಗೆರೆ ಬಸ್‌ಸ್ಟ್ಯಾಂಡಿನ ಪಕ್ಕ ಟೀ ಅಂಗಡಿ ಇಟ್ಟು, ಅದರಲ್ಲೇ ಮಗಳ ಮದುವೆಯನ್ನೂ ಮಾಡಿ ಮುಗಿಸಿದ್ದಾನೆ. ಒಬ್ಬಳು ಬುಕ್ಕಾಪಟ್ಟಣಕ್ಕೆ ಸೊಸೆಯಾಗಿ ಹೋಗಿ ಅಲ್ಲಿ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಾಳೆ. ಇನ್ನೊಬ್ಬ ಪಂಚಾಯಿತಿ ಮೆಂಬರಾಗಿ ಮಾವನ ಮಿಲ್ಲಿಗೇ ಕಂದಾಯದ ನೋಟೀಸು ಕೊಡಿಸಿದ್ದಾನೆ. ಆದರೆ ಸರ್ಕಾರದ ಪ್ರಕಾರ ಇವರೆಲ್ಲ ಇವತ್ತಿಗೂ ಮಧುಗಿರಿ ದಾಟಿದ ಮೇಲೆ ಪಾವಗಡ ರಸ್ತೆಯಲ್ಲಿ ಸಿಗುವ ಆ ತಗಡಿನ ಶೆಡ್ಡಿನೊಳಗೆ ಕಡಲೆಬೀಜ ಆರಿಸುತ್ತ ಕೂತಿದ್ದಾರೆ. ಹಾಗೆಂದು ತಿಂಗಳು ತಿಂಗಳೂ ಸರ್ಕಾರಕ್ಕೆ ಬರೆದು ಕಳಿಸುವ ನತದೃಷ್ಟೆ ನಾನು.

ಮಧುಗಿರಿಯ ಕೋರ್ಟಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕೋಣೆಯಷ್ಟಗಲದ ಆಫೀಸಿದೆ. ಸಣ್ಣಪುಟ್ಟ ಅಂಗಡಿ, ಮಿಲ್ಲು, ಶಾಲೆಗಳ ಸಂಬಳದ ಲೆಕ್ಕ ನನ್ನ ಕಸುಬು. ಯಾರಿಗೆ ಎಷ್ಟು ಸಂಬಳ, ಅದರಲ್ಲಿ ಪಿಎಫ್ ಎಷ್ಟು, ಇಎಸ್‌ಐ ಎಷ್ಟು, ವೃತ್ತಿ ತೆರಿಗೆ ಎಷ್ಟು ಎಂದು ಹಿಡಿದು, ಮಾಲೀಕರ ಪಾಲನ್ನೂ ಸೇರಿಸಿ, ಗಡುವಿನೊಳಗೆ ಕಟ್ಟಿಸಬೇಕು. ಕಿಟಕಿ ತೆಗೆದರೆ ಬೆಟ್ಟ. ತಲೆ ಚಚ್ಚಿಕೊಳ್ಳಬೇಕೆನಿಸಿದಾಗ ಅಷ್ಟು ದೊಡ್ಡ ಬಂಡೆ ಎದುರಿಗೇ ಇರುವುದು ಈ ಊರಿನ ದೊಡ್ಡ ಅನುಕೂಲ. ಅದನ್ನು ನಾನು ಹೆಚ್ಚಾಗಿ ನೋಡುವುದು ಮಾವನ ಮಿಲ್ಲಿನ ಕೆಲಸ ಹಿಡಿದಾಗ.

ಸಂಬಳದಲ್ಲಿ ಹಿಡಿದುಕೊಳ್ಳುವುದು ಎಂಬ ಮಾತೇ ಮಾವನಿಗೆ ಆಗದು. ಉಣ್ಣುವ ಎಲೆಗೆ ಕೈ ಹಾಕಿದ ಹಾಗೆ ಅದು ಎಂದು ಮೊದಲ ತಿಂಗಳೇ ಹೇಳಿಬಿಟ್ಟರು. ಹಾಗಾಗಿ ಕೆಲಸಗಾರರ ಪಾಲನ್ನೂ ತಾವೇ ಕಟ್ಟುತ್ತಾರೆ. ಹಾಗೆ ಕಟ್ಟಿದರೆ ಸಂಬಳ ಜಾಸ್ತಿ ಮಾಡಿದ ಲೆಕ್ಕವಾಗುತ್ತದೆ, ಜಾಸ್ತಿಯಾದದ್ದಕ್ಕೆ ಮತ್ತೆ ಪಿಎಫ್ ಬರುತ್ತದೆ, ಅದನ್ನೂ ನೀವೇ ಕಟ್ಟಿದರೆ ಸಂಬಳ ಇನ್ನೂ ಜಾಸ್ತಿಯಾಗುತ್ತದೆ, ಇದಕ್ಕೆ ಕೊನೆಯೇ ಇಲ್ಲ ಎಂದು ನಾನು ಗಂಟಲು ಹರಿದುಕೊಂಡು ವಿವರಿಸಿದೆ. ಮಾವ ಹಣೆಯ ವಿಭೂತಿ ಕದಲದ ಹಾಗೆ ತಲೆಯಾಡಿಸುತ್ತ ಕೇಳಿದರು.

“ಬೆಳೀತಾ ಐತಲ್ಲಮ್ಮ, ಬುಡು,” ಎಂದರು.

ಇನ್ನು ಶುಕ್ರವಾರ. ಶುಕ್ರವಾರ ಮಾವನ ಮನೆಯಿಂದ ಲಕ್ಷ್ಮಿ ಹೊರಗೆ ಹೋಗುವ ಹಾಗಿಲ್ಲ. ನೋಟಾದರೂ ಅಷ್ಟೆ, ಬ್ಯಾಂಕಿನ ಖಾತೆಯಿಂದ ಕಣ್ಣಿಗೆ ಕಾಣದ ಹಾಗೆ ಹೋದರೂ ಅಷ್ಟೆ. ಪಿಎಫ್ ಕಟ್ಟಲು ಕಡೆಯ ದಿನ ತಿಂಗಳ ಹದಿನೈದನೇ ತಾರೀಖು. ಹದಿನೈದು ಶುಕ್ರವಾರ ಬಿತ್ತೋ, ನನ್ನ ಗ್ರಹಚಾರ ಕೆಟ್ಟಿತು. ಹಾಗಾದರೆ ಗುರುವಾರವೇ ಕಟ್ಟಿಬಿಡೋಣ ಎಂದರೆ, ಕೊಡುವುದಕ್ಕೆ ನಾಳೆಯವರೆಗೂ ಟೈಮಿರುವಾಗ ಇವತ್ತೇ ಕೊಡುವುದು ದುಂದು! ಕೊನೆಗೆ ಶನಿವಾರ ಬಡ್ಡಿ, ದಂಡ ಸಮೇತ ಕಟ್ಟುತ್ತೇವೆ. ಬಡ್ಡಿ ಹೋದರೆ ಹೋಗಲಿ, ಲಕ್ಷ್ಮಿ ಹೋಗಬಾರದು ಎನ್ನುತ್ತಾರೆ. ಆ ಬಡ್ಡಿ ಯಾರ ಮನೆಯ ಲಕ್ಷ್ಮಿ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಈಚೆಗೆ ಹೊಸಬರನ್ನು ಪಿಎಫ್‌ಗೆ ಸೇರಿಸಬೇಕಾದರೆ ಫೋನಿಗೆ ಮುಖ ತೋರಿಸಬೇಕು. ಫೋನು ಮುಖ ನೋಡುತ್ತದೆ, ಕಣ್ಣು ಮಿಟುಕಿಸಿ ಎನ್ನುತ್ತದೆ, ಮಿಟುಕಿಸಿದರೆ ಆಧಾರಿನಲ್ಲಿರುವವಳೇ ಈಕೆ ಎಂದು ಒಪ್ಪಿಕೊಳ್ಳುತ್ತದೆ. ಬೀಜ ಆರಿಸುವ ಹೆಂಗಸರನ್ನು ಒಂದು ಬೆಳಿಗ್ಗೆ ಸಾಲಾಗಿ ಕೂರಿಸಿದೆ. ಪರಗಂಡಸಿನ ಫೋನಿಗೆ ಕಣ್ಣು ಮಿಟುಕಿಸುವುದೆಂದರೆ ಅವರಿಗೆ ನಗು ತಡೆಯದು. ಫೋನು ನನ್ನದು ಎಂದರೂ ಕೇಳರು. ನಕ್ಕರೆ ಫೋನು ಒಪ್ಪದು. ಸೆರಗು ಬಾಯಿಗೆ ಅಡ್ಡ ಬಂದರೆ ಮೊದಲೇ ಒಪ್ಪದು. ಅಂತೂ ಒಬ್ಬಳು ನಗು ನುಂಗಿಕೊಂಡು ಕೂತಳು, ಆದರೂ ಮುಖ ತಾಳೆಯಾಗುತ್ತಿಲ್ಲ ಎಂದೇ ಬರುತ್ತಿತ್ತು. ನೋಡಿದರೆ ಅವಳ ಹೆಗಲ ಹಿಂದೆ ಮಾವನ ಮುಖ! ತಮ್ಮ ಮಿಲ್ಲಿನ ಹೆಣ್ಣುಮಗಳನ್ನು ಎಲ್ಲೋ ದೆಹಲಿಯಲ್ಲಿ ಕೂತವರು ದಿಟ್ಟಿಸಿ ನೋಡುವಾಗ ತಾವು ಜೊತೆಯಲ್ಲಿ ಇರಬೇಡವೇ ಎಂದು ಬಂದು ನಿಂತಿದ್ದರು. ಹೆಂಗಸರಿಗಿಂತ ಮುಂಚೆ ಅವರೇ ಶ್ರದ್ಧೆಯಿಂದ ಕಣ್ಣು ಮಿಟುಕಿಸುತ್ತಿದ್ದರು.

ಇವನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮೊದಲು ಹೇಳಿದ್ದು. ಯಾರಾದರೂ ಕೆಲಸ ಬಿಟ್ಟರೆ, ಇಂಥ ದಿನ, ಇಂಥ ಕಾರಣಕ್ಕೆ ಬಿಟ್ಟರು ಎಂದು ಮಾಲೀಕರು ಪಿಎಫ್‌ನ ಜಾಲತಾಣದಲ್ಲಿ ಗುರುತು ಮಾಡಬೇಕು. ಮಾವನ ಫೋನಿಗೆ ಒಟಿಪಿ ಬರುತ್ತದೆ, ಅದನ್ನು ಹೇಳಿದರೆ ಆಯಿತು. ಆದರೆ ಮಾವ ಹೇಳುವುದಿಲ್ಲ. ಯಾಕೆ ಎಂದರೆ, ಯಾರೂ ಹೋಗಿಲ್ಲವಂತೆ!

ನಮ್ಮ ಕಡೆ ಹೊರಡುವಾಗ ಹೋಗ್ತೀನಿ ಎಂದು ಯಾರೂ ಅನ್ನುವುದಿಲ್ಲ. ಬರ್ತೀನಿ ಎನ್ನುತ್ತೇವೆ. ಮಿಲ್ಲು ಬಿಟ್ಟುಹೋದವರೆಲ್ಲ ಹಾಗೆಯೇ ಹೇಳಿ ಹೋಗಿದ್ದಾರೆ. ಮಧುಗಿರಿಯವರು ಬತ್ತೀನಿ ಅಂದರು, ಪಾವಗಡದ ಕಡೆಯವರು ತೆಲುಗಿನಲ್ಲಿ ಪೊಯ್ಯೊಸ್ತಾ ಅಂದರು, ಶಿರಾದ ಬಾಷಾ ಉರ್ದುವಿನಲ್ಲಿ ಆತೂಂ ಅಂದ. ಮೂರು ಭಾಷೆಯಲ್ಲೂ ಒಬ್ಬರೂ ಹೋಗ್ತೀನಿ ಅಂದಿಲ್ಲ, ಅವರು ಬರ್ತೀನಿ ಅಂದಿರುವಾಗ ಹೋದರು ಎಂದು ಬರೆಯಲು ತಾವು ಯಾರು ಎಂಬುದು ಮಾವನ ವಾದ. ಹಾಗಾಗಿ ಕೆಲಸ ಮಾಡುವವರು ಇಪ್ಪತ್ತು ಚಿಲ್ಲರೆ, ಪಟ್ಟಿಯಲ್ಲಿರುವವರು ಅದರ ಎರಡರಷ್ಟು. ಅರ್ಧ ಜನರ ಹೆಸರಿನ ಮುಂದೆ ಪ್ರತಿ ತಿಂಗಳೂ ಸಂಬಳ ಸೊನ್ನೆ, ಪಿಎಫ್ ಸೊನ್ನೆ ಎಂದು ತುಂಬಿ ತುಂಬಿ ನನ್ನ ಕಂಪ್ಯೂಟರಿನಲ್ಲಿ ಸೊನ್ನೆಯ ಗುಂಡಿ ಸವೆದುಹೋಗಿದೆ.

ಒಮ್ಮೆ ತಪಾಸಣೆಗೆಂದು ಒಬ್ಬ ಅಧಿಕಾರಿ ಬಂದರು. ಪಟ್ಟಿ ನೋಡಿದರು, ಶೆಡ್ಡಿನಲ್ಲಿ ಕೂತವರನ್ನು ಎಣಿಸಿದರು, ಮಿಕ್ಕವರು ಎಲ್ಲಿ ಎಂದರು. ಹೊರಗೆ ಹೋಗಿದ್ದಾರೆ, ಬರುತ್ತಾರೆ ಎಂದರು ಮಾವ. ಯಾವಾಗ ಎಂದು ಕೇಳಿದರೆ, ಟೈಮು ಹೇಳಿಲ್ಲ ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಧಿಕಾರಿ ಒಳ್ಳೆಯವರು. ಕೊಟ್ಟ ಮಜ್ಜಿಗೆ ಕುಡಿದು, ಎಲ್ಲ ಸರಿಮಾಡಿಸಿ ಎಂದು ನನಗೆ ಬುದ್ಧಿ ಹೇಳಿ, ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಸರಿ ಯಜಮಾನ್ರೇ, ಬರ್ತೀನಿ,” ಎಂದರು.

ಮಾವ ನನ್ನ ಕಡೆ ತಿರುಗಿ ಮೆಲ್ಲಗೆ, “ಇವರ್ನೂ ಸೇರಿಸ್ಕಳಮ್ಮ ಪಟ್ಟಿಗೆ,” ಎಂದರು.

ಬಾಷಾನದು ಇನ್ನೊಂದು ಕಥೆ. ಅವನು ಮಿಲ್ಲಿನ ಮೆಕ್ಯಾನಿಕ್ಕು. ಶಿರಾದಲ್ಲಿ ಸ್ವಂತ ಗ್ಯಾರೇಜು ಹಾಕಿದ ಮೇಲೆ ಪಿಎಫ್ ಹಣ ಬಿಡಿಸಿಕೊಳ್ಳಲು ಬಂದ. ತಮ್ಮ ಎದುರಿಗೆ ನಿಂತು ಒಂದು ಸಲ ‘ಹೋಗ್ತೀನಿ’ ಅನ್ನಲಿ, ಒಟಿಪಿ ಕೊಡುತ್ತೇನೆ ಎಂದರು ಮಾವ. ಇಷ್ಟೇ ತಾನೇ ಎಂದು ಬಾಷಾ ಎದುರಿಗೆ ನಿಂತ. ಬಾಯಿ ತೆಗೆದ. ಮುಚ್ಚಿದ. ಮಿಲ್ಲಿನ ಮೆಷಿನ್ನು ನೋಡಿದ, ಮಾವನನ್ನು ನೋಡಿದ, ಬೆವರು ಒರೆಸಿಕೊಂಡ. ಮಾವ ತರಿಸಿದ ಕಾಫಿ ಕುಡಿದು ಇನ್ನೊಮ್ಮೆ ಪ್ರಯತ್ನಿಸಿದ. ಆಮೇಲೆ ಆತೂಂ ಸೇಟ್ ಎಂದು ಹೇಳಿ ನಡೆದೇಬಿಟ್ಟ! ಕಡೆಗೆ ನಾನೇ ಅವನನ್ನು ಆಫೀಸಿಗೆ ಕರೆಸಿಕೊಂಡೆ. ಕೊನೆಯ ಸಲ ಹಣ ಕಟ್ಟಿ ಎರಡು ತಿಂಗಳಾದ ಮೇಲೆ, ಕೆಲಸ ಬಿಟ್ಟೆ ಎಂದು ಕೆಲಸಗಾರನೇ ಗುರುತು ಮಾಡಿಕೊಳ್ಳಲು ದಾರಿಯಿದೆ. ಮಾಡಿಸಿದೆ, ಹಣ ಬಂತು. ಮಾವನಿಗೆ ಹೇಳಲಿಲ್ಲ. ಅವರ ಪಾಲಿಗೆ ಬಾಷಾ ಇನ್ನೂ ಬರುವವನೇ.

ಆದರೆ ಸತ್ತವನು ತಾನೇ ಬಂದು ಗುರುತು ಮಾಡಿಕೊಳ್ಳುವ ದಾರಿ ಇಲ್ಲವಲ್ಲ.

ಅಂಜಿನಪ್ಪ ಪಾವಗಡದ ಕಡೆಯವನು. ಮಿಲ್ಲಿನ ಹಮಾಲಿ. ಮೂಟೆ ಹೊರುತ್ತಲೇ ಹಾಡು ಹೇಳುವವನು, ಮಾವನಿಗೆ ಎದುರು ಜವಾಬು ಕೊಡುವ ಧೈರ್ಯವಿದ್ದವನು ಅವನೊಬ್ಬನೇ. ಹೋದ ಬೇಸಿಗೆಯಲ್ಲಿ ಒಂದು ಶನಿವಾರ ಸಂಬಳ ತೆಗೆದುಕೊಂಡು ಊರಿಗೆ ಹೋದ. ಭಾನುವಾರ ಎದೆನೋವು ಬಂತು. ಆಸ್ಪತ್ರೆಯಿಂದ ಆಚೆ ಬರಲಿಲ್ಲ.

ಅವನ ಹೆಂಡತಿ ನರಸಮ್ಮನಿಗೆ ಪಿಎಫ್‌ನಿಂದ ಬದುಕಿರುವವರೆಗೂ ಪಿಂಚಣಿ ಬರಬೇಕು, ಓದುತ್ತಿರುವ ಮಗಳಿಗೂ ಅದರಲ್ಲಿ ಒಂದು ಪಾಲು. ದೊಡ್ಡ ಮೊತ್ತವಲ್ಲ. ಆದರೆ ಸೊಸೈಟಿ ಅಕ್ಕಿಯ ಜೊತೆಗೆ ಸಾರಿಗೆ ದಾರಿಯಾಗುವ ಹಣ. ಅದು ಬರಬೇಕಾದರೆ ಕೆಲಸ ಬಿಟ್ಟ ಕಾರಣದ ಕಾಲಮ್ಮಿನಲ್ಲಿ ‘ಮರಣ’ ಎಂದು ಮಾಲೀಕರು ಒತ್ತಬೇಕು, ಬೇರೆ ಯಾರೂ ಒತ್ತುವ ಹಾಗಿಲ್ಲ. ನಾನು ಮಿಲ್ಲಿಗೆ ಹೋಗಿ ಕಂಪ್ಯೂಟರು ತೆರೆದೆ. ಮಾವ ಫೋನು ಜೇಬಿಗೆ ಹಾಕಿಕೊಂಡು ಎದ್ದು ಹೊರಗೆ ಹೋದರು.

ಹಾಗೆಯೇ ತಿಂಗಳುಗಳು ಹೋದವು. ಪ್ರತಿ ಸಲವೂ ಮಾವನಿಗೆ ಒಂದು ಕೆಲಸ. ಒಮ್ಮೆ ಲಾರಿ ಬಂದಿದೆ, ಒಮ್ಮೆ ಫೋನು ಚಾರ್ಜಿಲ್ಲ, ಒಮ್ಮೆ ಶುಕ್ರವಾರ. ಅಂಜಿನಪ್ಪನ ಸಂಬಳವನ್ನು ಮಾತ್ರ ತಪ್ಪದೆ ಅವನ ಮನೆಗೆ ಕಳಿಸುತ್ತಿದ್ದರು. ತಾವು ಕೊಡುತ್ತಿರುವಾಗ ಸರ್ಕಾರದ್ದು ಯಾಕೆ ಎನ್ನುತ್ತಿದ್ದರು. ನನಗೆ ನಗು ಬರುವುದು ನಿಂತೇಹೋಗಿತ್ತು. ಮಿಲ್ಲು ಈಗ ವರ್ಷದಲ್ಲಿ ಅರ್ಧ ಕಾಲ ಬಾಗಿಲು ಹಾಕಿರುತ್ತದೆ. ಮಾವನಿಗೆ ಎಪ್ಪತ್ತು ದಾಟಿದೆ, ಎದೆಯೊಳಗೆ ಸ್ಟೆಂಟು ಕೂತಿದೆ. ಇವರು ಕೊಡುವುದು ಇವರಿರುವವರೆಗೆ, ಆಮೇಲೆ ಆ ಹೆಂಗಸಿನ ಗತಿಯೇನು? ಸಿಟ್ಟಿಗೆ ಅದನ್ನೂ ಅವರ ಮುಖಕ್ಕೇ ಹೇಳಿಬಿಟ್ಟೆ. ಮಾವ ಬಾಗಿಲ ಕಡೆ ಕೈ ತೋರಿಸಿದರು.

“ಅವತ್ತು ಇದೇ ಬಾಗ್ಲಲ್ಲಿ ನಿಂತ್ಕಂಡು ಪೊಯ್ಯೊಸ್ತಾನಣ್ಣಾ ಅಂದ ಕಣಮ್ಮ,” ಎಂದರು. “ನಾನು ಹೂಂ, ಬಾ ಅಂದೆ. ಬಾ ಅಂದ್ಬುಟ್ಟು ಈಗ ನಾನೇ ಹೋದ ಅಂತ ಹೆಂಗೆ ಬರೀಲಿ?”

ಈ ಮನುಷ್ಯನಿಗೆ ಕಾನೂನು ಹೇಳಿ ಪ್ರಯೋಜನವೇನು? ಇನ್ನೊಂದೇ ಸಲ ಪ್ರಯತ್ನಿಸುವುದು, ಆದರೂ ಆಗದಿದ್ದರೂ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿ ಅವರ ಮಿಲ್ಲಿನ ಸಹವಾಸವನ್ನೇ ಬಿಡುವುದು ಎಂದು ತೀರ್ಮಾನಿಸಿ, ನರಸಮ್ಮನನ್ನು ಪಾವಗಡದ ಬಸ್ಸಿಗೆ ಬರಹೇಳಿ, ಜೊತೆಯಲ್ಲಿ ಮಿಲ್ಲಿಗೆ ಕರೆದುಕೊಂಡು ಹೋದೆ.

ಅವಳು ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ಮಾವ ಅವಳನ್ನು ನೋಡಲಿಲ್ಲ, ಮೂಟೆಗಳನ್ನು ನೋಡುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಹೆಸರು ತೆಗೆದೆ, ತಾರೀಖು ತುಂಬಿದೆ, ಕಾರಣ ಒತ್ತಿದೆ. ಮಾವನ ಜೇಬಿನೊಳಗೆ ಫೋನು ಗುಂಯ್‌ಗುಟ್ಟಿತು. ಅವರು ಅಲುಗಾಡಲಿಲ್ಲ. ಒಟಿಪಿಯ ಗಡುವು ಮುಗಿದುಹೋಯಿತು.

ಆಗ ನರಸಮ್ಮ ತಲೆ ಎತ್ತಿದಳು.

“ಅಣ್ಣಾ, ಆಸ್ಪತ್ರೆ ಒಳಕ್ಕೆ ಎತ್ಕಂಡೋಗಾಗ ಆಯಪ್ಪ ನನ್ಗೂ ಅಂಗೇ ಅಂದ, ಪೊಯ್ಯೊಸ್ತಾ ಅಂತ. ನಾನೂ ಬಾಗ್ಲಲ್ಲೇ ಕುಂತಿದ್ದೆ. ರಾಲೇದಣ್ಣಾ, ಬರ್ಲಿಲ್ಲ.” ಮೂಟೆಗಳ ಕಡೆ ಕಣ್ಣು ಹಾಯಿಸಿ ಹೇಳಿದಳು, “ನೀವು ಸಂಬಳ ಕಳಿಸ್ದಾಗೆಲ್ಲ ಮಿಲ್ಲಾಗೇ ಅವ್ನೆ ಅನ್ನಿಸ್ತೈತೆ. ನೀವು ಬರೀರಿ. ನೀವು ಬರದ್ರೆ ನಾನೂ ನಂಬ್ತೀನಿ.”

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ ಹಾಕಿಕೊಂಡರು. ಇನ್ನೊಂದು ಸಲ ಕಳಿಸು ಎಂದು ನನಗೆ ಕೈಸನ್ನೆ ಮಾಡಿದರು. ಎರಡನೆಯ ಒಟಿಪಿ ಬಂತು. ಅವರು ಒಂದೊಂದೇ ಅಂಕಿ ಓದಿದರು, ನಾನು ಒಂದೊಂದೇ ಒತ್ತಿದೆ. ಕೊನೆಯ ಅಂಕಿಯ ಹೊತ್ತಿಗೆ ಅವರ ದನಿ ಕೇಳಿಸುತ್ತಿರಲಿಲ್ಲ. ನಾನೇ ಎದ್ದು ಹೋಗಿ ಅವರ ಫೋನು ನೋಡಿಕೊಂಡು ಬಂದು ಒತ್ತಬೇಕಾಯಿತು. ಪರದೆಯ ಮೇಲೆ ಒಂದು ಹಸಿರು ಸಾಲು ಬಂತು. ಅಷ್ಟೇ. ಅಷ್ಟು ವರ್ಷ ಮೂಟೆ ಹೊತ್ತವನು ಪಟ್ಟಿಯಿಂದ ಇಳಿದಿದ್ದ.

ಕಾಗದಗಳಿಗೆಲ್ಲ ಸಹಿ ಆದ ಮೇಲೆ ನರಸಮ್ಮ ಎದ್ದಳು. ಕೈ ಮುಗಿದಳು, ಏನೂ ಹೇಳದೆ ಬಾಗಿಲ ಕಡೆ ನಡೆದಳು. ಗಂಡ ಸತ್ತವಳು ಶುಭದ ಮಾತು ಆಡಬಾರದು ಎಂದುಕೊಂಡಳೋ ಏನೋ.

“ಏನೂ ಹೇಳ್ದೆ ಹೋಗ್ತೀಯಲ್ಲವ್ವ,” ಎಂದರು ಮಾವ. “ಬರ್ತೀನಿ ಅನ್ನು.”

ಅವಳು ಹೊಸ್ತಿಲ ಮೇಲೆ ನಿಂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, “ಪೊಯ್ಯೊಸ್ತಾನಣ್ಣಾ,” ಎಂದಳು.

“ಹೂಂ,” ಎಂದರು ಮಾವ. “ಬಾ.”

ನಾನೂ ಚೀಲ ಹೆಗಲಿಗೆ ಹಾಕಿಕೊಂಡೆ. ಇನ್ನು ಮುಂದೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎನ್ನುವ ಮಾತು ಎಷ್ಟೋ ತಿಂಗಳಿಂದ ನನ್ನ ಬಾಯಲ್ಲಿ ತಯಾರಾಗಿಯೇ ಇತ್ತು. ಬಾಗಿಲವರೆಗೂ ಅದನ್ನು ಹೊತ್ತುಕೊಂಡು ಹೋದೆ. ಅಲ್ಲಿ ತಿರುಗಿ ನೋಡಿದರೆ, ಮಾವ ಜನವಿಲ್ಲದ ಶೆಡ್ಡಿನಲ್ಲಿ ಮೂಟೆಗಳ ನಡುವೆ ಒಬ್ಬರೇ ನಿಂತಿದ್ದರು.

“ಬರ್ತೀನಿ ಮಾವ,” ಎಂದೆ.

“ಈ ತಿಂಗಳು ಹದಿನೈದ್ನೇ ತಾರೀಕು ಶುಕ್ರವಾರ ಬಿದ್ದೈತೆ ಕಣಮ್ಮ,” ಎಂದರು. “ಗುರುವಾರವೇ ಬಾ.”