ಏನೂ ಗೊತ್ತಿಲ್ಲದವರಿಗೆ ಹೇಳಿಕೊಟ್ಟ ಲೆಕ್ಕ

ಅರ್ಥವಾಗದಿದ್ದಾಗ ತಲೆ ಆಡಿಸುವುದೂ ಒಂದು ವಿದ್ಯೆ. ನನಗೆ ಚೆನ್ನಾಗಿ ಬರುವುದು ಅದೊಂದೇ. ನಲವತ್ತು ವರ್ಷ ಮಠದ ಪ್ರವಚನದಲ್ಲಿ ಮುಂದಿನ ಸಾಲಿನಲ್ಲಿ ಕೂತು ಆಡಿಸಿದ್ದೇನೆ. ಬುದ್ಧಿಯವರು ನನ್ನ ಮುಖ ನೋಡಿಕೊಂಡೇ ಮಾತು ಬೆಳೆಸುತ್ತಿದ್ದರು, ಪಾಪ.

ಈ ವಿದ್ಯೆ ಕೈಕೊಟ್ಟಿದ್ದು ಮೊಮ್ಮಗಳು ಸುಮಾಳ ದೆಸೆಯಿಂದ. ಬಿ.ಎ.ಯಲ್ಲಿ ರಾಜರ ಕಥೆ ಓದಿಕೊಂಡಿದ್ದವಳು, ಬರೀ ಲೆಕ್ಕವೇ ತುಂಬಿರುವ ಎಂ.ಎ. ಅರ್ಥಶಾಸ್ತ್ರ ಬೇಕೆಂದು ಹಟ ಹಿಡಿದಳು. ಅದಕ್ಕೊಂದು ಪ್ರವೇಶ ಪರೀಕ್ಷೆ. ಪಾಸಾಗದಿದ್ದರೆ ಬಿ.ಎಡ್. ಸೇರಬೇಕೆಂದು ನನ್ನ ಮಗ ಅರ್ಜಿಯನ್ನೂ ತಂದಿಟ್ಟ. ಇವಳಿಗೋ ಮಕ್ಕಳ ಗಲಾಟೆ ಕೇಳಿದರೆ ತಲೆನೋವು. ಹಾಗಾಗಿ ಸರಸ್ವತಿಪುರಂನ ಟ್ಯುಟೋರಿಯಲ್‌ನಲ್ಲಿ, ಪಿಯುಸಿ ಫೇಲಾದ ಹುಡುಗರ ನಡುವೆ ಹೋಗಿ ಕೂತಳು. ಅಲ್ಲಿನ ಮೇಷ್ಟ್ರು, "ಮನೇಲಿ ಏನೂ ಗೊತ್ತಿಲ್ದೋರಿಗೆ ದಿನಾ ಹೇಳ್ಕೊಡಮ್ಮ, ತಾನಾಗೇ ಬರುತ್ತೆ" ಎಂದರಂತೆ. ಅಂಥವರು ಯಾರೆಂದು ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಅವರೆಕಾಯಿ ಸುಲಿಯುತ್ತಾ ಕೂರುವುದು, ಅವಳು ಹೇಳುವುದು. ಚೀಲದಲ್ಲಿ ಐದು ಕೆಂಪು, ಮೂರು ನೀಲಿ ಚೆಂಡು. ತೆಗೆದದ್ದನ್ನು ವಾಪಸು ಹಾಕದೆ ಎರಡು ತೆಗೆದರೆ ಎರಡೂ ಕೆಂಪೇ ಬರುವ ಸಾಧ್ಯತೆ ಎಷ್ಟು? ಅವಳೇನೋ ಗುಣಿಸಿದಳು, ನಾನು ತಲೆ ಆಡಿಸಿದೆ. ಮರುದಿನದ ಟೆಸ್ಟಿನಲ್ಲಿ ಅದಕ್ಕೇ ಸೊನ್ನೆ. ಮೇಷ್ಟ್ರು ಅಡ್ಡಗೀಟು ಹಾಕಿದ್ದರೇ ಹೊರತು ಯಾಕೆಂದು ಬರೆದಿರಲಿಲ್ಲ.

"ನೀನು ತಲೆ ಆಡಿಸ್ದೆ ಅಂತ ತಾನೆ ಅಜ್ಜಿ ನಾನು ಸರಿ ಅಂದ್ಕೊಂಡಿದ್ದು?"

"ಮಠದಲ್ಲೂ ಆಡಿಸ್ತೀನಿ ಕಣೆ. ಅಷ್ಟಕ್ಕೇ ನಾನೇನು ಶರಣೆ ಆಗ್ಬುಟ್ನಾ?"

"ಇನ್ಮೇಲೆ ಅದೆಲ್ಲ ನಡೆಯಲ್ಲ. ನಾನು ಹೇಳಿದ್ದನ್ನ ನೀನು ಒಪ್ಪಿಸ್ಬೇಕು."

ಒಪ್ಪಿಸಬೇಕಾದರೆ ಕಿವಿ ಕೊಡಬೇಕಲ್ಲ, ಕೊಟ್ಟೆ. ಅದೇ ಲೆಕ್ಕದಲ್ಲಿ ಎರಡನೇ ಚೆಂಡು ತೆಗೆಯುವಾಗಲೂ ಅವಳು ಎಂಟು ಅಂದಾಗ ತಡೆದೆ. "ಒಂದು ನಿನ್ನ ಕೈಲೇ ಇದೆ. ಚೀಲದಲ್ಲಿ ಇನ್ನೂ ಎಂಟು ಅಂತೀಯಲ್ಲ, ಮರಿ ಹಾಕ್ತಾ ಅದು?"

ಸುಮಾ ಎಂಟನ್ನು ಹೊಡೆದುಹಾಕಿ ಏಳು ಬರೆದಳು.

ಆಮೇಲೆ ನನಗೂ ಚಟ ಹತ್ತಿತು. ಸಿಕ್ಕಸಿಕ್ಕಲ್ಲಿ ಯಾಕೆ ಎಂದೆ, ಎಲ್ಲಿಂದ ಬಂತು ಎಂದೆ. ಎರಡು ಸಲ ಅತ್ತಳು, ಒಂದು ಸಲ ನನ್ನನ್ನು ಮೊದ್ದು ಎಂದಳು. ಪರೀಕ್ಷೆಯ ಹೊತ್ತಿಗೆ ನನ್ನ ಹತ್ತಿರ ಕೇಳಲು ಏನೂ ಉಳಿದಿರಲಿಲ್ಲ. ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಕೊನೆಯಿಂದ ಎರಡನೆಯದಾಗಿ ಬಂತು. ಮಗ ಬಿ.ಎಡ್. ಅರ್ಜಿಯ ಮೇಲೆ ಕಾಫಿ ಲೋಟ ಇಟ್ಟ.

ಬಿಡುಗಡೆಯಾಯಿತೆಂದು ನಾನು ಟಿವಿ ಮುಂದೆ ಕೂತೆ. ಎರಡು ವಾರಕ್ಕೆ ಸುಮಾ ಇಟ್ಟಿಗೆ ಗಾತ್ರದ ಪುಸ್ತಕ ಹಿಡಿದು ಪಕ್ಕದಲ್ಲಿ ಬಂದು ಕೂತಳು.

"ಸೀಟು ಸಿಕ್ತಲ್ಲೇ, ಇನ್ನೇನು?"

"ಸಿಕ್ತು ಅಜ್ಜಿ. ಎರಡು ವರ್ಷದ ಕೋರ್ಸು."

ಅರ್ಥವಾಯಿತು ಎಂದರೆ ಒಪ್ಪಿಸಬೇಕು, ಆಗಲಿಲ್ಲ ಎಂದರೆ ಮತ್ತೆ ಮೊದಲಿಂದ. ಎದ್ದು ಟಿವಿ ಆರಿಸಿದೆ.